ಫೋರ್ತ್‌ವಿತ್ ಅಂದರೆ

“ಮೊನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತೀನಿ. ನಾಲ್ಕನೇ ತಾರೀಖಿಗೆ ಬಾ,” ಎಂದ ಜೈಲಿನ ಗುಮಾಸ್ತ, ಕೋರ್ಟಿನ ಕಾಗದವನ್ನು ಕಿಂಡಿಯಿಂದ ಹೊರಗೆ ತಳ್ಳುತ್ತ.

ಅವಳು ಅದನ್ನು ಮತ್ತೆ ಒಳಗೆ ತಳ್ಳಿದಳು. “ಮೊನ್ನೆ ನಂಬಿದೆ. ಇವತ್ತು ನಂಬಲ್ಲ. ನನ್ನ ತಮ್ಮ ಇವತ್ತೇ ಮನೆಗೆ ಬರ್ಬೇಕು. ಅಮ್ಮ ಬಾಗಿಲಲ್ಲೇ ಕೂತಿದಾಳೆ.”

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು ಅವಳು. ತಮ್ಮನೂ ಅಲ್ಲೇ ಇದ್ದ. ಕರಪತ್ರ ಹಂಚಿದ ತಪ್ಪಿಗೆ ಒಳಗೆ ಹೋಗಿ ಐದು ತಿಂಗಳು. ಕರಪತ್ರದಲ್ಲಿದ್ದದ್ದು ಒಂದೇ ಬೇಡಿಕೆ: ಧೂಳು ತುಂಬಿದ ಕೆಲಸದ ಕೋಣೆಗೆ ಕಿಟಕಿ ಇಡಿ.

“ಇಂಗ್ಲಿಷ್ ಬರುತ್ತೇನಮ್ಮ ನಿಂಗೆ?” ಗುಮಾಸ್ತ ಒಂದು ಪದದ ಮೇಲೆ ಬೆರಳಿಟ್ಟ. “ಫೋರ್ತ್‌ವಿತ್. ಫೋರ್ತ್ ಅಂದ್ರೆ ನಾಲ್ಕನೇದು. ಟೈಪು ಮಾಡಿದವನು ನಡುವೆ ಒಂದು ‘ಯು’ ನುಂಗಿದಾನೆ, ಅಷ್ಟೇ.”

“ಮತ್ತೆ ವಿತ್?”

“ಜೊತೆಗೆ. ಅವತ್ತು ಬಿಡೋ ಮಿಕ್ಕವರ ಜೊತೆಗೆ.”

ಹಿಂದೆ ನಿಂತಿದ್ದ ಪೇದೆ ಕಿಸಕ್ಕನೆ ನಕ್ಕ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡ.

“ಇನ್ನೆರಡು ದಿನ ಇದ್ರೆ ನಿನ್ನ ತಮ್ಮಂಗೇನಾಗುತ್ತೆ?” ಎಂದ ಗುಮಾಸ್ತ.

“ಏನಾಗುತ್ತೆ ಅಂತ ನನ್ನ ಬಾಯಿಂದ ಹೇಳಿಸ್ಬೇಡಿ.”

ಚೀಲದಿಂದ ನಿಘಂಟು ತೆಗೆದಳು. ಕಾರ್ಮಿಕರ ಸಂಘದ ಓದುಕೋಣೆಯದು, ರಟ್ಟು ಕಿತ್ತುಹೋಗಿತ್ತು. ಮೂಲೆ ಮಡಚಿದ ಪುಟವನ್ನು ಕಿಂಡಿಯ ಸರಳಿಗೆ ಒತ್ತಿ ಹಿಡಿದು, ಕಚೇರಿಗೆಲ್ಲ ಕೇಳುವ ಹಾಗೆ ಓದಿದಳು: “ಫೋರ್ತ್‌ವಿತ್: ಕೂಡಲೇ, ತಡಮಾಡದೆ. ಹಳೆಯ ಬಳಕೆ, ಕಾನೂನಿನಲ್ಲಿ ಇನ್ನೂ ಇದೆ.”

ಬಡವರ ಹಣೆಬರಹವನ್ನು ಬಡವರಿಗೆ ತಿಳಿಯದ ಭಾಷೆಯಲ್ಲಿ ಬರೆಯುತ್ತಾರೆ; ಅದನ್ನು ಜಾರಿ ಮಾಡುವವನಿಗೂ ಅದು ತಿಳಿದಿರುವುದಿಲ್ಲ.

ಗಲಾಟೆ ಕೇಳಿ ಜೈಲರ್ ಹೊರಬಂದ. ನಿಘಂಟು ನೋಡಿದ, ಕಾಗದ ನೋಡಿದ. “ಕತ್ತೆ! ಕೂಡಲೇ ಅಂತ ಕಣೋ ಇದು. ಏಳು, ಬೀಗದ ಕೈ ತಗೋ.”

ಗುಮಾಸ್ತ ತಡಬಡಿಸಿ ಎದ್ದ. “ಯಾವ ಬ್ಯಾರಕ್ಕು ಸರ್?”

ಜೈಲರ್ ನೆಲ ನೋಡಿದ.

“ಆ ಪದದಿಂದ ಮುಂದಕ್ಕೆ ಓದಿ,” ಎಂದಳು ಅವಳು.

ನಂಬರು, ತಾರೀಖು ಬಿಟ್ಟು ಮಿಕ್ಕದ್ದನ್ನು ಓದುವ ರೂಢಿಯೇ ಗುಮಾಸ್ತನಿಗಿರಲಿಲ್ಲ. ಮೊದಲ ಸಲ ಓದಿದ. ತೆಗೆದುಕೊಂಡಿದ್ದ ಬೀಗದ ಕೈಯನ್ನು ಮೇಜಿನ ಮೇಲಿಟ್ಟ.

ಮೊನ್ನೆಯ ಕಾಗದ ತಮ್ಮನನ್ನು ಬಿಡಲು ಬಂದದ್ದು. ನಿನ್ನೆ ಅವನು ಒಳಗೇ ಉಸಿರು ಬಿಟ್ಟ. ಇವತ್ತಿನದು ಹೆಣ ಬಿಟ್ಟುಕೊಡಲು.