ಸುಗುಣಮ್ಮ ಯಾರ ಕಡೆ

ಸುಗುಣಮ್ಮನ ಎದುರುಮನೆಯ ಗುರುಬಸಪ್ಪನಿಗೂ ಪಕ್ಕದ ಮನೆಯ ತಿಮ್ಮೇಶನಿಗೂ ಪಕ್ಷದ ಜಗಳದಿಂದ ಮಾತು ನಿಂತು ವರ್ಷಗಳಾಗಿದ್ದವು. ಚುನಾವಣೆಗೆ ಮೂರು ತಿಂಗಳಿರುವಾಗಲೇ ಇಬ್ಬರೂ ಬೇರೆ ಬೇರೆಯಾಗಿ ಬಂದು ಓಟು ಕೇಳಿದರು. ನಿವೃತ್ತ ನರ್ಸ್ ಸುಗುಣಮ್ಮ ಇಬ್ಬರಿಗೂ ಒಂದೇ ಉತ್ತರ ಕೊಟ್ಟರು.

"ನಿಮ್ಮ ಬೈದಾಟ ಕೇಳಿ ಸಾಕಾಗಿದೆ ಕಣಪ್ಪ. ನೀರು, ಆಸ್ಪತ್ರೆ ಅಂತ ಮಾತಾಡೋರು ಸಿಕ್ಕಿದ್ರೆ ಅವರಿಗೆ ಹಾಕ್ತೀನಿ."

"ಹಾಗಾದ್ರೆ ನೀವು ಆ ಪಕ್ಷದವರ ಕಡೆ," ಎಂದು ಇಬ್ಬರೂ ತಮ್ಮ ತಮ್ಮ ಸರದಿಯಲ್ಲಿ ಹೇಳಿ ಹೊರಟುಹೋದರು.

ಮತದಾನದ ದಿನ ಪಟ್ಟಿಯಲ್ಲಿ ಸುಗುಣಮ್ಮನ ಹೆಸರಿರಲಿಲ್ಲ. ಮರುದಿನ ತಾಲ್ಲೂಕು ಕಚೇರಿಗೆ ಹೋದರು.

"ನೀವು ಮನೆ ಖಾಲಿ ಮಾಡಿದ್ದೀರಿ ಅಂತ ಅರ್ಜಿ ಬಂದಿತ್ತಮ್ಮ," ಎಂದ ಗುಮಾಸ್ತ.

"ಮೂವತ್ತು ವರ್ಷದಿಂದ ಅಲ್ಲೇ ಇದ್ದೀನಲ್ಲಪ್ಪ. ಯಾರು ಕೊಟ್ಟಿದ್ದು?"

ಅವನು ಅರ್ಜಿಯನ್ನು ಅವರತ್ತ ತಿರುಗಿಸಿದ. ಕೊಟ್ಟವನು ಗುರುಬಸಪ್ಪ, ಸಾಕ್ಷಿಗೆ ಸಹಿ ಹಾಕಿದವನು ತಿಮ್ಮೇಶ.