ಮನವಿಗೊಂದು ಮುಖ

ಮುನೀಶ್ ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡು, ಭಾವನ ದವಡೆಗೆ ಗುದ್ದಿದ. ಚಿಕ್ಕಮುನಿಯಪ್ಪ ಗೋಡೆಗೆ ಬಡಿದು ಕುಸಿದ. ಗುಮ್ಮಳಾಪುರದ ಆ ಶೀಟಿನ ಮನೆಗೆ ಒಳಗಿನಿಂದ ಚಿಲಕ ಹಾಕಿತ್ತು.

"ಹತ್ತು ದಿನಕ್ಕೆ ಬರೀ ಸಾವಿರದಿನ್ನೂರು ರೂಪಾಯಿ," ಮುನೀಶ್ ಏದುಸಿರು ಬಿಟ್ಟ. "ನಂಬೋ ಮಾತಾ ಭಾವ ಇದು?"

ಕಿಟಕಿಯ ಬಳಿ ಕುಳಿತ ನಂದಿತಾ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. ಫೋನಿನಿಂದ ಫೋನಿಗೆ ಹರಿಯುವ ಸಹಾಯದ ಮನವಿಗಳನ್ನು ಬರೆಯುವುದು ಅವಳ ಕೆಲಸ. ಚಿಕ್ಕಮುನಿಯಪ್ಪನ ಮಗಳು ಹಂಸಾಗೆ ಹೃದಯದಲ್ಲಿ ತೂತು. ಸೋಮವಾರದೊಳಗೆ ಮೂರು ಲಕ್ಷ ಕಟ್ಟಿದರೆ ಹೊಸೂರಿನಲ್ಲಿ ಆಪರೇಷನ್, ಇಲ್ಲದಿದ್ದರೆ ಇಲ್ಲ. ಮೊದಲ ಮನವಿ ಬರೆದವಳೂ ನಂದಿತಾಳೇ. ಅದಕ್ಕೆ ಬಂದ ಹಣ ನೇರ ಚಿಕ್ಕಮುನಿಯಪ್ಪನ ಖಾತೆಗೆ ಹೋಗಿತ್ತು.

ಅವಳು ಆ ಮನವಿಯನ್ನು ಅಳಿಸುತ್ತಿದ್ದಳು. 'ಉದಾರ ದಾನಿಗಳೇ' ಹೋಯಿತು. 'ದಯವಿಟ್ಟು' ಹೋಯಿತು. ಹಂಸಾ ನಗುತ್ತಿದ್ದ ಫೋಟೊ ಹೋಯಿತು. ಕೈಮುಗಿದು ಬೇಡಿದರೆ ಜನ ಬೆರಳಲ್ಲಿ ಮೇಲಕ್ಕೆ ತಳ್ಳಿ ಮುಂದೆ ಹೋಗುತ್ತಾರೆ. ಹೊಸ ಸಾಲನ್ನು ತುಟಿಯಲ್ಲೇ ಓದಿಕೊಂಡಳು. ಓದುವವರ ಉಸಿರು ಎಲ್ಲಿ ಕಟ್ಟುತ್ತದೋ, ವಾಕ್ಯ ಅಲ್ಲೇ ನಿಲ್ಲಬೇಕು.

ಇನ್ನೊಂದು ಗುದ್ದಿಗೆ ಹುಬ್ಬು ಒಡೆಯಿತು. ಚಿಕ್ಕಮುನಿಯಪ್ಪ ಮುಖಕ್ಕೆ ಕೈ ಅಡ್ಡ ತಂದ.

"ಕೈ ತಗಿ ಭಾವ. ಹಂಸಾನ್ನ ನೆನಸ್ಕೊ. ನೀನು ಸಾಕು ಅನ್ನೋಗಂಟ ನಾನ್ ಬಿಡಲ್ಲ."

ಚಿಕ್ಕಮುನಿಯಪ್ಪ ಕೈ ಇಳಿಸಿದ. ಸಾಕು ಎನ್ನಲಿಲ್ಲ.

"ಮೆಲ್ಲಗೆ," ಎಂದಳು ನಂದಿತಾ. "ಪಕ್ಕದ ಮನೇಲಿ ಶ್ಯಾಮಲಮ್ಮ ಇದ್ದಾರೆ."

"ಕೇಳಿದ್ರೆ ಕೇಳ್ಲಿ ಬುಡಕ್ಕ. ಭಾವ ಬಾಮೈದ ಕುಡ್ದು ಬಡ್ದಾಡ್ತಾವ್ರೆ ಅಂತಾರೆ, ಇನ್ನೇನು."

ಮುನೀಶ್ ಮೂಲೆಯಿಂದ ಸೌದೆಯ ತುಂಡೊಂದನ್ನು ಎತ್ತಿಕೊಂಡ. ಕಣ್ಣು ಮುಚ್ಚಿ ಬೀಸಿದ. ಲಟಕ್ಕೆಂದಿತು. ಚಿಕ್ಕಮುನಿಯಪ್ಪನ ಬಾಯಿಂದ ಎರಡು ಹಲ್ಲು ಸಿಮೆಂಟಿನ ಮೇಲೆ ಬಿದ್ದವು. ಮುನೀಶ್ ಸೌದೆ ಬಿಸಾಕಿ, ಗೋಡೆಗೆ ಹಣೆ ಒತ್ತಿ ಅಳತೊಡಗಿದ.

ನಂದಿತಾ ಎದ್ದು ಬಂದಳು. ಚಿಕ್ಕಮುನಿಯಪ್ಪನ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಫೋಟೊ ತೆಗೆದಳು. ಆಮೇಲೆ ಹೊಸ ಮನವಿಯನ್ನು ಗಟ್ಟಿಯಾಗಿ ಓದಿದಳು.

"ಇವರು ಚಿಕ್ಕಮುನಿಯಪ್ಪ. ಮಗಳ ಆಪರೇಷನ್ನಿಗೆ ಹೆಂಡತಿಯ ಒಡವೆ ಮಾರಿ ತಂದ ಹಣ ಇವರ ಚೀಲದಲ್ಲಿತ್ತು. ನಿನ್ನೆ ಸೂಳಗಿರಿಯ ಬಳಿ ನಾಲ್ವರು ಅಡ್ಡಗಟ್ಟಿದರು. ಮೊದಲು ಈ ಮುಖ ನೋಡಿ. ಆಮೇಲೆ ಮುಂದೆ ಓದಿ."

"ನಾಲ್ಕ್ ಜನ ಅಂತ ಬರ್ದಿದ್ದೀಯ, ಇದು ಒಬ್ನೇ ಹೊಡ್ದಂಗೈತಲ್ಲಕ್ಕ," ಎಂದು ಚಿಕ್ಕಮುನಿಯಪ್ಪ ರಕ್ತ ಉಗಿದು ಬಾಮೈದನತ್ತ ತಿರುಗಿದ. "ಅಳಬ್ಯಾಡ ಕಣ್ಲಾ ಮುನೀಸ, ಇನ್ನೊಂದಷ್ಟು ಹಾಕು."