ಹಿಡಿದುಕೊಟ್ಟವರು

ದೇವರು ಬೆಳೆಸಿದ ಹುಲ್ಲನ್ನು ಒಡೆಯರಿಲ್ಲದ ಕುದುರೆಗಳು ಮೇಯ್ದುಕೊಂಡಿರಲೆಂದು ಕಾಯ್ದಿಟ್ಟ ಕುರುಚಲು ಬಯಲು ಅದು. ಅವುಗಳ ಕ್ಷೇಮ ನೋಡಲು ಊರಿನ ನಾಲ್ಕೈದು ಮಂದಿ ಕೂಲಿ ಕೇಳದೆ ದಿನವೂ ಬರುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯನಾದ ಅಜ್ಜ, ಇರುವೆ ತುಳಿದರೂ ಶಿವ ಶಿವಾ ಎನ್ನುವ ಜೀವ.

ಆ ಬೆಳಿಗ್ಗೆ ಬಿಳಿ ಕುದುರೆ ರಕ್ತದ ಮಡುವಿನಲ್ಲಿ ಸತ್ತು ಬಿದ್ದಿತ್ತು. ಮೊದಲು ಹಿಂಗಾಲಿನ ನರ ಕಡಿದು, ಆಮೇಲೆ ಕುತ್ತಿಗೆ ಕೊಯ್ದಿದ್ದರು. ಪೊದೆಯಲ್ಲಿ ಕುಡುಗೋಲಿನ ಸಮೇತ ಸಿಕ್ಕಿಬಿದ್ದವನನ್ನು ಅಜ್ಜ ತನ್ನ ಊರುಗೋಲು ಮುರಿಯುವ ತನಕ ಬಡಿದ.

“ನನ್ನ ಜ್ವಾಳಾ ಎಲ್ಲಾ ತುಳದು ಹಾಳ ಮಾಡಿತ್ತು,” ಎಂದು ಅವನು ಬಾಯೊಳಗಿನ ರಕ್ತ ಉಗಿದ.

“ಜ್ವಾಳಾ ಮತ್ತ ಬೆಳೀತಿತ್ತಲೋ ಪಾಪಿ! ನಿನ್ನ ಸಂಗಾಟ ಇನ್ನ್ಯಾರಿದ್ರು, ಹೇಳು.”

“ನಾ ಒಬ್ಬನ, ಯಜ್ಜ.”

“ಹಸೀ ಸುಳ್ಳು! ಹತ್ತು ಮಂದಿ ಬೆನ್ನ ಹತ್ತಿದ್ರೂ ಸಿಗೂ ಕುದುರಿ ಅಲ್ಲದು. ಹಿಡಕೊಟ್ಟವರು ಯಾರು? ಅವರನ್ನೂ ಇಲ್ಲೇ ಮಲಗಿಸ್ತೀನಿ!” ಅಜ್ಜ ದಪ್ಪನೆಯ ಕಲ್ಲೊಂದನ್ನು ಎತ್ತಿದ.

ಅವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡ.

“ಯಾರೂ ಹಿಡೀಲಿಲ್ಲ, ಯಜ್ಜ. ದಿನಾ ಕಾಲಾಗಿನ ಮುಳ್ಳು ನೋಡಾಕ ನೀ ಅದರ ಬಾಜೂಕ ಕುಂಡರ್ತಿಯಲ್ಲ, ಹಂಗ ಹೋಗಿ ಕುಂತೆ. ತಾನ ಕಾಲೆತ್ತಿ ಕೊಡ್ತು.”